ಸಂತೇಲಿ ಸಿಕ್ಕ ಡಚ್ ಹಸುಗಳ ಚಿತ್ರ: ಅಸಲಿನಾ, ನಕಲಿನಾ, ತೊಳೀಬಹುದಾ?

ಪ್ರಶ್ನೆ: "ಮೇಡಂ ನಮಸ್ತೆ. ನಾನು ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಕೆಲಸದಲ್ಲಿದೀನಿ, ಊರು ಸಾಗರದ ಹತ್ರ. ಇಲ್ಲಿ ಏಪ್ರಿಲ್ 27ಕ್ಕೆ ರಾಜನ ಹುಟ್ಟಿದಬ್ಬ, ಆವತ್ತು ಜನ ಮನೇಲಿರೋ ಹಳೇ ಸಾಮಾನೆಲ್ಲ ರಸ್ತೆ ಮೇಲೆ ಹರಡ್ಕೊಂಡು ಮಾರ್ತಾರೆ. ಒಬ್ಬ ಅಜ್ಜನ ಹತ್ರ 45 ಯೂರೋ ಕೊಟ್ಟು ಫ್ರೇಮ್ ಹಾಕಿದ ಒಂದು ಕಪ್ಪು-ಬಿಳುಪು ಚಿತ್ರ ತಗೊಂಡೆ. ಎ4 ಹಾಳೆಗಿಂತ ಸ್ವಲ್ಪ ಚಿಕ್ಕದು. ಮೂರು ಹಸು, ನಾಲ್ಕೈದು ಕುರಿ, ಕತ್ತೆ ಮೇಲೆ ಕೂತ ಹೆಂಗಸು, ಹಾಲು ಕರೀತಿರೋ ಇನ್ನೊಬ್ಬಳು, ಕೋಲು ಹಿಡಿದು ನಿಂತ ದನ ಕಾಯೋನು, ಹಿಂದೆ ಮುರಿದ ಕಮಾನು, ಗುಡ್ಡ. ಕೆಳಗೆ ಎಡಗಡೆ ಬೆರ್ಖೆಮ್ ಅಂತ ಹೆಸರು, ಪಕ್ಕದಲ್ಲಿ 'ಇನ್', ಬಲಗಡೆ ವಿಸ್ಸರ್, ಪಕ್ಕದಲ್ಲಿ 'ಫೆ', ಮೂಲೇಲಿ 3 ಅಂತ ಅಂಕೆ. ಅಜ್ಜ ಇದು 350 ವರ್ಷ ಹಳೇ ಒರಿಜಿನಲ್ ಅಂದ. ಆಫೀಸಿನ ಫ್ರೆಂಡ್ ಝೆರಾಕ್ಸ್ ಕಣೋ ಅಂತ ನಗ್ತಾನೆ. ನಂದಿನ್ನೊಂದು ಡೌಟು, ಈ ದೇಶ ಚಪ್ಪಟೆ, ಇಲ್ಲಿ ಗುಡ್ಡ ಎಲ್ಲಿಂದ ಬಂತು? ವಿಡಿಯೋ ಕಾಲಲ್ಲಿ ಅಮ್ಮನಿಗೆ ತೋರಿಸಿದ್ರೆ ಅವಳು ಬೇರೇನೇ ಹೇಳಿದ್ಲು, 'ಅವಳು ಉಲ್ಟಾ ಕಡೆ ಕೂತು ಕರೀತಿದಾಳಲ್ಲೋ' ಅಂತ. ಕಾಗದದ ಮೇಲೆ ಕಂದು ಚುಕ್ಕೆ ಇದಾವೆ, ಯೂಟ್ಯೂಬಲ್ಲಿ ಬ್ಲೀಚ್ ಹಾಕಿ ತೊಳೆಯೋದು ತೋರಿಸ್ತಾರೆ, ಮಾಡಬಹುದಾ? ಡಿಸೆಂಬರಲ್ಲಿ ಊರಿಗೆ ತಂದು ಅಮ್ಮನಿಗೆ ಕೊಡೋ ಆಸೆ, ಅಪ್ಪ ಲ್ಯಾಮಿನೇಶನ್ ಮಾಡಿಸಿಬಿಡು ಅಂತಿದಾರೆ."

ಉತ್ತರ:

ನಿಮ್ಮ ಪತ್ರ ಎರಡು ಸಲ ಓದಿದೆ, ಕಳಿಸಿದ ನಾಲ್ಕು ಫೋಟೋನೂ ಎಷ್ಟು ದೊಡ್ಡದಾಗತ್ತೋ ಅಷ್ಟು ದೊಡ್ಡದು ಮಾಡಿ ನೋಡಿದೆ. ಪ್ರಶ್ನೆ ಐದಾರಿದ್ರೂ ಒಳಗಿರೋ ಭಯ ಎರಡೇ ಅನ್ಸತ್ತೆ, 45 ಯೂರೋ ಕೊಟ್ಟು ಮೋಸ ಹೋದ್ನಾ ಅನ್ನೋದು ಒಂದು, ಅಕಸ್ಮಾತ್ ನಿಜವಾಗ್ಲೂ ಹಳೇದಾಗಿದ್ರೆ ನಾನೇ ಕೈಯಾರೆ ಹಾಳು ಮಾಡಿಬಿಡ್ತೀನಾ ಅನ್ನೋದು ಇನ್ನೊಂದು. ಎರಡನೇ ಭಯ ಒಳ್ಳೇದು, ಅದನ್ನ ಹಂಗೇ ಇಟ್ಕೊಳ್ಳಿ. ಮೊದಲನೇದು ಬಿಟ್ಟುಬಿಡಿ, ಯಾಕೆ ಅಂತ ಮುಂದೆ ಗೊತ್ತಾಗತ್ತೆ.

ಇಪ್ಪತ್ತು ವರ್ಷದ ಮೇಲಾಯ್ತು ನಾನು ಹಳೇ ಕಾಗದ, ಹಳೇ ಪ್ರಿಂಟ್‌ಗಳ ರಿಪೇರಿ ಕೆಲಸಕ್ಕೆ ಬಂದು. ಜನ ನನ್ನ ಟೇಬಲ್ ಮೇಲೆ ಚಿತ್ರ ಇಟ್ಟ ತಕ್ಷಣ ಕೇಳೋದು ಎಷ್ಟು ಬಾಳತ್ತೆ ಅಂತ, ಚಿತ್ರದ ಒಳಗೆ ಏನಿದೆ ಅಂತ ಕೇಳೋರು ಬಾಳ ಕಮ್ಮಿ. ನಿಮ್ಮನೇಲಿ ಅದನ್ನ ಕೇಳಿರೋದು ನಿಮ್ಮ ಅಮ್ಮ ಒಬ್ಬರೇ, ಹಂಗಾಗಿ ಅವರ ಮಾತಿಂದನೇ ಶುರು ಮಾಡ್ತೀನಿ.

ಹಾಲು ಕರೆಯೋಳು ಉಲ್ಟಾ ಕಡೆ ಕೂತಿದಾಳೆ ಅಂದ್ರಲ್ಲ, ಅದು ಸುಮ್ನೆ ಬಂದ ಮಾತಲ್ಲ. ಇದು ಎಚಿಂಗ್, ಅಂದ್ರೆ ತಾಮ್ರದ ತಗಡಿನ ಮೇಲೆ ಆಸಿಡ್‌ನಿಂದ ಕೊರೆದ ಚಿತ್ರ, ಅದಕ್ಕೆ ಮಸಿ ಹಚ್ಚಿ ಕಾಗದದ ಮೇಲೆ ಒತ್ತಿದ್ರೆ ಕನ್ನಡೀಲಿ ಕಂಡ ಹಾಗೆ ಎಡಬಲ ಅದಲುಬದಲಾಗಿ ಬರತ್ತೆ. ರಬ್ಬರ್ ಸ್ಟಾಂಪ್ ನೋಡಿದೀರಲ್ಲ, ಅದರ ಮೇಲೆ ಅಕ್ಷರ ಉಲ್ಟಾ ಇರತ್ತೆ, ಹಾಳೆ ಮೇಲೆ ನೆಟ್ಟಗಾಗತ್ತೆ, ಅದೇ ಲೆಕ್ಕ. ಹಂಗಾಗಿ ಚಿತ್ರ ಬರೆದವನು ಬಲಗಡೆ ಕೂರಿಸಿದ ಹೆಂಗಸು ಪ್ರಿಂಟಲ್ಲಿ ಎಡಗಡೆ ಬರ್ತಾಳೆ, ಬಲಗೈಲಿದ್ದ ಕೋಲು ಎಡಗೈಗೆ ಹೋಗತ್ತೆ. ನಿಮ್ಮ ಫೋಟೋದಲ್ಲಿ ದನ ಕಾಯೋನ ಕೋಲು ಎಡಗೈಲೇ ಇದೆ, ನಾನು ನೋಡ್ದೆ. ಕೆಲವು ಕಲಾವಿದರು ಇದನ್ನ ಮೊದಲೇ ಯೋಚನೆ ಮಾಡಿ ತಿರುಗಿಸಿ ಬರೀತಿದ್ರು, ಇನ್ನು ಕೆಲವರು ಹಸು ಯಾವ ಕಡೆ ಇದ್ರೇನು ಅಂತ ಬಿಟ್ಟುಬಿಡ್ತಿದ್ರು. ಆ ದೇಶದಲ್ಲಿ ಕೂತು ಕರೆಯೋ ರೂಢಿನೇ ನಮ್ಮದಕ್ಕಿಂತ ಬೇರೆ ಇರಬಹುದು ಅನ್ನಿ, ಹಂಗಾಗಿ ಇದೊಂದರ ಮೇಲೇ ತೀರ್ಮಾನ ಮಾಡಕ್ಕಾಗಲ್ಲ. ಆದ್ರೆ ಈ ಎಡಬಲದ ವಿಷ್ಯ ಮುಂದೆ ನಕಲು ಹಿಡಿಯೋಕೆ ಕೆಲಸಕ್ಕೆ ಬರತ್ತೆ, ನೆನಪಿಟ್ಕೊಳ್ಳಿ.

ಈಗ ಆ ಎರಡು ಹೆಸರು. ಬೆರ್ಖೆಮ್ ಅಂತ ಅಲ್ಲಿದೆ ಅಂದ ಮಾತ್ರಕ್ಕೆ ಬೆರ್ಖೆಮ್ ಕೈಯಾರೆ ಮಾಡಿದ್ದು ಅಂತಲ್ಲ, ಈ ಒಂದು ಜಾಗದಲ್ಲೇ ಜನ ಜಾಸ್ತಿ ದುಡ್ಡು ಕಳ್ಕೊಳ್ಳೋದು. ಹೆಸರಿನ ಮುಂದಿನ ಗಿಡ್ಡ ಅಕ್ಷರ ನೋಡಬೇಕು. 'ಇನ್' ಅಂದ್ರೆ ಲ್ಯಾಟಿನ್‌ನ ಇನ್ವೆನಿಟ್, ಚಿತ್ರದ ಕಲ್ಪನೆ ಇವನದು ಅಂತ. 'ಡೆಲ್' ಅಂತಿದ್ರೆ ಡ್ರಾಯಿಂಗ್ ಮಾಡಿದವನು, 'ಪಿಂಕ್ಸ್' ಅಂತಿದ್ರೆ ಮೂಲ ಪೇಂಟಿಂಗ್ ಮಾಡಿದವನು. 'ಫೆ' ಅಂದ್ರೆ ಫೆಸಿಟ್, ಮಾಡಿದವನು, ಅಂದ್ರೆ ತಗಡಿನ ಮೇಲೆ ಕೈ ಆಡಿಸಿದ್ದು ಇವನೇ, 'ಸ್ಕಲ್ಪ್' ಅಂತಿದ್ರೂ ಹೆಚ್ಚುಕಮ್ಮಿ ಅದೇ ಅರ್ಥ. 'ಎಕ್ಸ್‌ಕ್' ಅಂತ ಎಲ್ಲಾದ್ರೂ ಕಂಡ್ರೆ ಅದು ಪ್ರಕಾಶಕ, ತಗಡು ಇಟ್ಕೊಂಡು ಅಚ್ಚು ಹಾಕಿಸಿ ಮಾರಿದವನು. ನಿಮ್ಮ ಚಿತ್ರದ ಪ್ರಕಾರ ಹಸುಗಳನ್ನ ಕಲ್ಪಿಸ್ಕೊಂಡಿದ್ದು ಬೆರ್ಖೆಮ್, ತಾಮ್ರದ ಮೇಲೆ ಇಳಿಸಿದ್ದು ವಿಸ್ಸರ್. ಇದರಲ್ಲಿ ಮೋಸ ಏನೂ ಇಲ್ಲ, ಇಬ್ಬರ ಹೆಸರೂ ಬಹಿರಂಗವಾಗಿ ಹಾಕಿದಾರೆ. ಯಾನ್ ಡಿ ವಿಸ್ಸರ್ ಅನ್ನೋ ಕಲಾವಿದ ಬೆರ್ಖೆಮ್ ಚಿತ್ರಗಳನ್ನ ಹೀಗೆ ಸಾಲುಸಾಲಾಗಿ ಎಚಿಂಗ್ ಮಾಡಿದಾರೆ, ಅವರ ಅಣ್ಣ ಕಾರ್ನೆಲಿಸ್ ಕೂಡ ಇದೇ ಕಸುಬಿನವರು. ಮೂಲೇಲಿರೋ 3 ಅಂದ್ರೆ ಇದು ಒಂದು ಸೆಟ್ಟಿನ ಮೂರನೇ ಹಾಳೆ. ಆಗ ಹಸು, ಕುರಿ, ಕುದುರೆ ಚಿತ್ರಗಳನ್ನ ಸೆಟ್ ಮಾಡಿ ಮಾರೋದು ವಾಡಿಕೆ, ಪೌಲುಸ್ ಪಾಟರ್ 1650ರಲ್ಲಿ ಮಾಡಿದ ದನಗಳ ಸೆಟ್ಟಲ್ಲಿ 8 ಹಾಳೆ ಇದಾವೆ, ಮೊದಲ ಹಾಳೇಲೇ ಒಂದು ಹೋರಿ ನಿಂತಿರತ್ತೆ.

ಇನ್ನೊಂದು ವಿಷ್ಯ, ಹೆಸರು ತಗಡಿನ ಮೇಲೇ ಕೊರೆದಿರೋದು, ಪೆನ್ನಲ್ಲಿ ಹಾಕಿದ ಸಹಿ ಅಲ್ಲ. ಪ್ರಿಂಟಿನ ಕೆಳಗೆ ಪೆನ್ಸಿಲ್‌ನಲ್ಲಿ ಸಹಿ ಹಾಕೋ ಪದ್ಧತಿ ಬಂದಿದ್ದು 19ನೇ ಶತಮಾನದ ಕೊನೇಕಡೆ, ಹಂಗಾಗಿ 'ಸಹಿ ಇಲ್ಲ, ಅದಕ್ಕೆ ಡೂಪ್ಲಿಕೇಟ್' ಅನ್ನೋ ಮಾತು ಈ ಕಾಲದ ಚಿತ್ರಕ್ಕೆ ನಡೆಯಲ್ಲ.

ಬೆರ್ಖೆಮ್ ಬಗ್ಗೆ ಸ್ವಲ್ಪ ಹೇಳ್ಲೇಬೇಕು. ನಿಕೊಲಾಸ್ ಬೆರ್ಖೆಮ್, ಹುಟ್ಟಿದ್ದು 1620ರಲ್ಲಿ ಹಾರ್ಲೆಮ್‌ನಲ್ಲಿ, ತೀರ್ಕೊಂಡಿದ್ದು 1683ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ. ಅಪ್ಪ ಪೀಟರ್ ಕ್ಲಾಸ್, ಟೇಬಲ್ ಮೇಲಿನ ಗ್ಲಾಸು ಮೀನು ಬ್ರೆಡ್ಡು ಪೇಂಟ್ ಮಾಡೋದ್ರಲ್ಲಿ ದೊಡ್ಡ ಹೆಸರು. ಮಗ ಮೇಜು ಬಿಟ್ಟು ಬಯಲಿಗೆ ಹೋದ. ನಿಕೊಲಾಸ್‌ನ ಗಿಡ್ಡ ರೂಪ ಕ್ಲಾಸ್, ಅದಕ್ಕೇ ಕೆಲವು ಪ್ರಿಂಟ್‌ಗಳಲ್ಲಿ ಹೆಸರಿನ ಮುಂದೆ ಎನ್ ಬದಲು ಸಿ ಇರತ್ತೆ, ಬೆರ್ಖೆಮ್ ಬದಲು ಬೆರ್ಗೆಮ್ ಅಂತಲೂ ಇರತ್ತೆ, ಅದು ನೋಡಿ ಗಾಬರಿ ಆಗ್ಬೇಡಿ. ಸುಮಾರು 40 ವರ್ಷ ಆದ್ಮೇಲೆ ಕಲಾವಿದರ ಜೀವನ ಬರೆದ ಹೌಬ್ರಾಕೆನ್ ಒಂದು ಕಥೆ ಹೇಳ್ತಾರೆ, ಈ ಮನುಷ್ಯನಿಗೆ ಪ್ರಿಂಟ್ ಕೊಳ್ಳೋ ಹುಚ್ಚು ಎಷ್ಟಿತ್ತು ಅಂದ್ರೆ ದುಡ್ಡು ಹೆಂಡತಿ ಕೈಲಿರ್ತಿದ್ದರಿಂದ ಶಿಷ್ಯರ ಹತ್ರ ಸಾಲ ಮಾಡಿ ತಗೋತಿದ್ನಂತೆ. ನಿಜವೋ ಸುಳ್ಳೋ, ಪ್ರಿಂಟ್ ಕಲೆಕ್ಟರ್‌ಗಳ ಮನೆ ಕಥೆ ಇವತ್ತಿಗೂ ಹೀಗೇ ಇದೆ.

ಬೆರ್ಖೆಮ್ ತಾವೇ ತಗಡು ಹಿಡಿದು ಮಾಡಿದ ಎಚಿಂಗ್‌ಗಳೂ ಇದಾವೆ. 1680ನೇ ಇಸವಿ ಹಾಕಿರೋ ನೀರು ಕುಡಿಯೋ ಹಸುವಿನ ಚಿತ್ರ ಅದರಲ್ಲಿ ಪ್ರಸಿದ್ಧ. ಇನ್ನೊಂದರಲ್ಲಿ ಹಸು ನಿಂತಲ್ಲೇ ಉಚ್ಚೆ ಹೊಯ್ಯತ್ತೆ, ಕಲೆಕ್ಟರ್‌ಗಳು ಬಾಳ ಕಾಲದಿಂದ ಆ ಪ್ರಿಂಟನ್ನ ಕರೆಯೋದೇ ಹಂಗೆ, 'ಉಚ್ಚೆ ಹೊಯ್ಯೋ ಹಸು' ಅಂತ, ಅದೂ ಫ್ರೆಂಚ್‌ನಲ್ಲಿ, ತುಂಬಾ ಗೌರವದಿಂದ. ಕೊಟ್ಟಿಗೆ ನೋಡಿ ಬೆಳೆದೋರಿಗೆ ಇದರಲ್ಲಿ ವಿಶೇಷ ಏನೂ ಕಾಣಲ್ಲ.

ಗುಡ್ಡದ ಪ್ರಶ್ನೆ ಚೆನ್ನಾಗಿದೆ. ನೀವಿರೋ ಆ ದೇಶದ, ಕೆರಿಬಿಯನ್ ದ್ವೀಪಗಳನ್ನ ಬಿಟ್ಟು, ಅತಿ ಎತ್ತರದ ಜಾಗ ವಾಲ್ಸರ್‌ಬರ್ಗ್, ಅದೂ ಬರೀ 322 ಮೀಟರ್, ನಿಮ್ಮ ಸಾಗರ ಪೇಟೆನೇ ಅದಕ್ಕಿಂತ ಎತ್ತರದಲ್ಲಿದೆ. ಚಿತ್ರದಲ್ಲಿರೋ ಗುಡ್ಡ ಹಾಲೆಂಡಿಂದಲ್ಲ, ಇಟಲಿದು. 1600ರ ನಂತರ ಡಚ್ ಕಲಾವಿದರು ಗುಂಪುಗುಂಪಾಗಿ ರೋಮ್‌ಗೆ ಹೋಗ್ತಿದ್ರು, ಬೆರ್ಖೆಮ್ ಊರಿನವರೇ ಆದ ಪೀಟರ್ ವಾನ್ ಲಾರ್ ಅಲ್ಲಿ ವರ್ಷಗಟ್ಲೆ ಇದ್ದು ಬೀದಿ ಜನ, ದನ, ಕತ್ತೆ ಎಲ್ಲ ಬರೆದು ವಾಪಸ್ ಬಂದ್ರು. ಆಗಿನ ರೋಮ್‌ನಲ್ಲಿ ಹಳೇ ಸಾಮ್ರಾಜ್ಯದ ಕಟ್ಟಡಗಳೆಲ್ಲ ಅರ್ಧ ಮಣ್ಣಲ್ಲಿ ಹೂತು ಅದರ ಮೇಲೆ ದನ ಮೇಯ್ತಿದ್ವು, ಇವತ್ತು ಟಿಕೆಟ್ ತಗೊಂಡು ನೋಡೋ ರೋಮನ್ ಫೋರಂಗೆ ಆಗ ಜನ ಕರೀತಿದ್ದ ಹೆಸರು ಕಾಂಪೊ ವಚ್ಚಿನೊ, ಅಂದ್ರೆ ದನದ ಬಯಲು. ಹಂಪೀಲಿ ಬಜಾರಿನ ಕಂಬಗಳ ಮಧ್ಯೆ ಎಮ್ಮೆ ಮಲಗಿರೋದು ನೋಡಿದೋರಿಗೆ ಇದನ್ನ ವಿವರಿಸಬೇಕಾಗಿಲ್ಲ. ಹಂಗಾಗಿ ಮುರಿದ ಕಮಾನು, ಹಸು, ಕತ್ತೆ ಮೇಲೆ ಹೆಂಗಸು, ಇವು ಒಟ್ಟಿಗೆ ಬಂದ್ರೆ ಅದು ಇಟಲಿ ಬಿಸಿಲಿನ ಕನಸು, ಆಮ್‌ಸ್ಟರ್‌ಡ್ಯಾಮ್‌ನ ಮಳೇಲಿ ಕೂತ ವ್ಯಾಪಾರಿಗಳು ಆಸೆಪಟ್ಟು ಗೋಡೆಗೆ ಹಾಕ್ಕೊಳ್ತಿದ್ದಂಥದ್ದು. ಬೆರ್ಖೆಮ್ ತಾವು ಇಟಲಿಗೆ ಹೋಗಿದ್ರಾ ಅನ್ನೋದ್ರ ಮೇಲೇ ವಿದ್ವಾಂಸರಲ್ಲಿ ವಾದ ಇದೆ, ಹೋಗಿಲ್ದೇ ಇದ್ರೂ ಬೇರೆಯವರ ಚಿತ್ರ ನೋಡಿ ಬರೆಯೋಕೆ ಅವರಿಗೆ ಏನೂ ಅಡ್ಡಿ ಇರಲಿಲ್ಲ.

ಸರಿ, ಈಗ ಅಸಲಿ ಪ್ರಶ್ನೆ, ಝೆರಾಕ್ಸಾ ಅಲ್ವಾ.

'ಒರಿಜಿನಲ್' ಅನ್ನೋ ಪದನೇ ಇಲ್ಲಿ ತೊಂದ್ರೆ ಕೊಡತ್ತೆ. ಪೇಂಟಿಂಗ್ ಒಂದೇ ಇರತ್ತೆ, ಪ್ರಿಂಟ್ ಹಂಗಲ್ಲ, ಒಂದೇ ತಗಡಿಂದ ಕೆಲವು ನೂರು ಒಳ್ಳೇ ಹಾಳೆ ತೆಗೀಬಹುದು, ತಗಡು ಸವೆದ ಮೇಲೂ ತೆಗೀತಾನೇ ಇರ್ತಾರೆ. ತಗಡು ಕಲಾವಿದನ ಜೊತೆ ಸಾಯಲ್ಲ, ಆಸ್ತಿ ಹಂಗೆ ಕೈಯಿಂದ ಕೈಗೆ ಹೋಗತ್ತೆ. ಪ್ಯಾರಿಸ್‌ನ ಬಾಸಾಂ ಅನ್ನೋ ವ್ಯಾಪಾರಿ, ಪ್ರಸಿದ್ಧ ಡಚ್ ಕಲಾವಿದ ರೆಂಬ್ರಾಂಟ್ ಸತ್ತು ನೂರು ವರ್ಷದ ಮೇಲೆ ಅವರ ತಗಡುಗಳನ್ನ ಕೊಂಡು ಮತ್ತೆ ಅಚ್ಚು ಹಾಕಿದ್ರು. ಅದನ್ನ ಒರಿಜಿನಲ್ ಅಂತೀರಾ? ತಗಡು ಅದೇ, ಕಾಲ ಬೇರೆ, ಕಾಗದ ಬೇರೆ. ಹಂಗಾಗಿ ನಾವು ಕೆಲಸದಲ್ಲಿ ಕೇಳೋದು ಬೇರೆ ಥರ: ಇದು ಕೈಯಿಂದ ಮಾಡಿದ ತಗಡಿಂದ ಬಂದಿದ್ದಾ ಅಥವಾ ಫೋಟೋ ವಿಧಾನದ್ದಾ, ತಗಡಿಂದ ಅಂದ್ರೆ ಯಾರ ತಗಡು, ಯಾವಾಗ ಒತ್ತಿದ್ದು. ಈ ಪ್ರಶ್ನೆಗಳಲ್ಲಿ ಮುಕ್ಕಾಲು ಭಾಗಕ್ಕೆ ನೀವು ಮನೇಲೇ ಉತ್ತರ ಹುಡುಕಬಹುದು, ಬೇಕಾಗಿರೋದು 10 ಪಟ್ಟು ದೊಡ್ಡದು ತೋರಿಸೋ ಒಂದು ಲೂಪ್ (ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸ್ಕೊಳ್ಳೋದು), ಒಂದು ಟಾರ್ಚ್, ಒಂದು ಸ್ಕೇಲ್, ಮತ್ತೆ ಒಂದು ಭಾನುವಾರ.

ಮೊದಲು ಫ್ರೇಮಿಂದ ಹೊರಗೆ ತೆಗೀಬೇಕು, ಗಾಜಿನ ಹಿಂದೆ ಇಟ್ಕೊಂಡು ಏನೂ ಗೊತ್ತಾಗಲ್ಲ. ಹಿಂಬದಿಯ ಮೊಳೆ ಇಕ್ಕಳದಿಂದ ನಿಧಾನ ಎಳೀರಿ, ಚಿತ್ರ ಗಾಜಿಗೆ ಅಂಟ್ಕೊಂಡಿದ್ರೆ ಅಲ್ಲಿಗೇ ನಿಲ್ಲಿಸಿ, ಎಳೀಬೇಡಿ, ಹಂಗೇ ಎತ್ಕೊಂಡು ಕಾಗದದ ಕೆಲಸ ಗೊತ್ತಿರೋರ ಹತ್ರ ಹೋಗಿ. ಹಿಂದೆ ಟೇಪ್ ಇದ್ರೂ ಕೀಳಬೇಡಿ. ಕೈ ತೊಳೆದು ಒಣಗಿಸ್ಕೊಂಡು ಎರಡೂ ಅಂಚು ಹಿಡಿದು ಎತ್ತಿ, ನಮ್ಮಲ್ಲಿ ಮಂಗಳಾರತಿ ತಟ್ಟೆ ಹಿಡಿಯೋ ಹಾಗೆ.

ಆಮೇಲೆ ಲೂಪ್ ಹಿಡಿದು ಹಸುವಿನ ಹೊಟ್ಟೆ ಹತ್ರ ಹೋಗಿ. ಗೆರೆ ಬದಲು ಸಾಲಾಗಿ ಜೋಡಿಸಿದ ಚುಕ್ಕೆ ಕಂಡ್ರೆ ಅದು ಪುಸ್ತಕದಿಂದ ಹರಿದ ಹಾಳೆ ಅಥವಾ ಆಫ್‌ಸೆಟ್ ಪ್ರಿಂಟು, ಮುಗೀತು, ನಿಮ್ಮ ಫ್ರೆಂಡ್‌ಗೆ ಕಾಫಿ ಕುಡಿಸಿ. ಪುಡಿ ಪುಡಿ ಥರ ಹೊಳೆಯೋ ಕಪ್ಪು ಕಂಡ್ರೆ ಟೋನರ್, ಅಂದ್ರೆ ಝೆರಾಕ್ಸ್ ಮಸಿ. ಗೆರೆ ಗೆರೆಯಾಗೇ ಇದ್ರೆ ಮುಂದೆ ಹೋಗೋಣ. ರೂಮಿನ ಲೈಟ್ ಆರಿಸಿ ಟಾರ್ಚನ್ನ ಕಾಗದಕ್ಕೆ ಸಮಾನಾಂತರವಾಗಿ, ನೆಲ ಸವರೋ ಹಾಗೆ ಹಿಡೀರಿ. ತಗಡಿನ ಗೆರೆ ಅಂದ್ರೆ ಸಣ್ಣ ಕಾಲುವೆ, ಅದರೊಳಗೆ ಮಸಿ ತುಂಬಿ, ಮೇಲಿನದನ್ನ ಒರೆಸಿ, ಒದ್ದೆ ಕಾಗದ ಇಟ್ಟು, ಎರಡು ರೋಲರ್ ಮಧ್ಯೆ ಕಬ್ಬಿನ ಗಾಣದ ಹಾಗೆ ತೂರಿಸ್ತಾರೆ, ಆ ಒತ್ತಡಕ್ಕೆ ಕಾಗದ ಕಾಲುವೆ ಒಳಗೆ ಇಳಿದು ಮಸಿಯನ್ನ ಎತ್ಕೊಂಡು ಬರತ್ತೆ. ಹಂಗಾಗಿ ಮಸಿ ಕಾಗದದ ಮೇಲೆ ಕೂದಲೆಳೆಯಷ್ಟು ಉಬ್ಬಿರತ್ತೆ, ಅಡ್ಡ ಬೆಳಕಲ್ಲಿ ಅದರ ನೆರಳು ಕಾಣತ್ತೆ. ಝೆರಾಕ್ಸಲ್ಲಿ, ಆಫ್‌ಸೆಟ್ಟಲ್ಲಿ ಈ ಕಾಲುವೆಯ ಉಬ್ಬು ಬರಲ್ಲ.

ಗೆರೆಯ ತುದಿ ನೋಡಿ. ಎಚಿಂಗ್ ಮಾಡೋನು ತಾಮ್ರವನ್ನ ತಾನು ಕೆತ್ತಲ್ಲ, ತಗಡಿನ ಮೇಲೆ ಮೇಣ ರಾಳದ ಪದರ ಹಚ್ಚಿ, ಮೇಣದಬತ್ತಿ ಹೊಗೇಲಿ ಕಪ್ಪು ಮಾಡಿ, ಸೂಜೀಲಿ ಆ ಪದರವನ್ನ ಮಾತ್ರ ಗೀಚ್ತಾನೆ, ಆಮೇಲೆ ಆಸಿಡ್‌ಗೆ ಬಿಡ್ತಾನೆ, ಬರಿದಾದ ಜಾಗದಲ್ಲಿ ಆಸಿಡ್ ತಾಮ್ರ ತಿನ್ನತ್ತೆ. 'ಎಚ್' (etch) ಅನ್ನೋ ಇಂಗ್ಲಿಷ್ ಪದ ಡಚ್‌ನ 'ಎಟ್ಸೆನ್' ಇಂದ ಬಂದಿದ್ದು, ಅದರ ಮೂಲ ಅರ್ಥ ತಿನ್ನಿಸೋದು ಅಂತ, ನಾವೂ ತುಕ್ಕು ತಿಂತು ಅಂತೀವಲ್ಲ ಹಂಗೆ. ಆಸಿಡ್ ತಿಂದ ಗೆರೆ ತುದೀಲಿ ಮೊಂಡು, ಅಂಚು ಸ್ವಲ್ಪ ಒರಟು, ಉದ್ದಕ್ಕೂ ದಪ್ಪ ಒಂದೇ ಥರ. ಉಳಿ ಹಿಡಿದು ಕೈಯಿಂದ ಕೆತ್ತಿದ ಎನ್‌ಗ್ರೇವಿಂಗ್ ಗೆರೆ ಹಂಗಲ್ಲ, ಸಣ್ಣಗೆ ಶುರುವಾಗಿ ಮಧ್ಯ ಉಬ್ಬಿ ಮತ್ತೆ ಚೂಪಾಗಿ ಮುಗಿಯತ್ತೆ, ಭತ್ತದ ಎಲೆ ಥರ. ಒಂದೇ ಪ್ರಿಂಟಲ್ಲಿ ಎರಡೂ ಇರಬಹುದು, ಎಚಿಂಗ್ ಮಾಡಿ ಆಮೇಲೆ ನೆರಳಿಗೆ ಉಳಿ ಮುಟ್ಟಿಸೋದು ಸಾಮಾನ್ಯ. ಆದ್ರೆ ಸವೆದ ಮೃದು ಗೆರೆ ಮೇಲೆ ಎದ್ದು ಕಾಣೋ ಗಟ್ಟಿ ಗೆರೆ ಇದ್ರೆ, ಯಾರೋ ಹಳೇ ತಗಡಿಗೆ ಆಮೇಲೆ ರಿಪೇರಿ ಮಾಡಿ ಮತ್ತೆ ಅಚ್ಚು ಹಾಕಿದಾರೆ ಅಂತ ಅನುಮಾನ ಪಡಿ.

ಈಗ ದೂರದ ಗುಡ್ಡ ಮತ್ತೆ ಹತ್ತಿರದ ಗಿಡ ಎರಡನ್ನೂ ಒಟ್ಟಿಗೆ ನೋಡಿ, ನನಗೆ ಈ ಪ್ರಿಂಟ್‌ಗಳಲ್ಲಿ ಅತಿ ಇಷ್ಟವಾದ ಜಾಗ ಇದು. ಗುಡ್ಡ ಕೂದಲೆಳೆ ಥರ ತೆಳು, ಮುಂದಿನ ಅಗಲ ಎಲೆ ಗಿಡ ಕಡುಕಪ್ಪು. ಸೂಜಿ ಅದೇ, ಆಸಿಡ್ ಅದೇ, ಬದಲಾಗಿದ್ದು ಸಮಯ ಅಷ್ಟೇ. ಸ್ವಲ್ಪ ಹೊತ್ತು ಆಸಿಡ್‌ನಲ್ಲಿಟ್ಟು ತೆಗೆದು, ಗುಡ್ಡದ ಮೇಲೆ ವಾರ್ನಿಶ್ ಹಚ್ಚಿ ಮುಚ್ಚಿ, ಮತ್ತೆ ಇಳಿಸ್ತಾರೆ, ಮುಂದಿನ ಗಿಡ ಇನ್ನೂ ಆಳಕ್ಕೆ ತಿನ್ನಿಸ್ಕೊಳ್ಳತ್ತೆ. ದೋಸೆ ಎಷ್ಟು ಹೊತ್ತು ಕಾವಲಿ ಮೇಲಿತ್ತು ಅನ್ನೋದು ಬಣ್ಣದಲ್ಲಿ ಗೊತ್ತಾಗೋ ಹಾಗೆ, ಇಲ್ಲಿ ದೂರ ಅನ್ನೋದು ನಿಮಿಷದ ಲೆಕ್ಕದಲ್ಲಿ ಬರತ್ತೆ. ತಗಡು ಸವೆದಾಗ ಮೊದಲು ಹೋಗೋದೂ ಈ ತೆಳು ಗೆರೆಗಳೇ. ನಿಮ್ಮ ಫೋಟೋದಲ್ಲಿ ಗುಡ್ಡ ತುಂಡು ತುಂಡಾಗಿ, ಬೂದು ಬೂದಾಗಿ ಕಾಣ್ತಿದೆ, ಗಿಡ ಮಾತ್ರ ಇನ್ನೂ ಗಟ್ಟಿ ಇದೆ. ಫೋಟೋ ದೋಷ ಅಲ್ಲದಿದ್ರೆ ಇದು ತಗಡು ಸಾಕಷ್ಟು ದುಡಿದ ಮೇಲೆ ಬಂದ ಹಾಳೆ.

ಹಸುವಿನ ಮೈ ನೋಡಿ, ಬಿಸಿಲು ಬಿದ್ದ ಬೆನ್ನಲ್ಲಿ ಗೆರೆನೇ ಇಲ್ಲ, ಬರೀ ಕಾಗದ. ಇಟಲಿ ಬಿಸಿಲು ಅಂತ ನಾವು ಹೊಗಳೋದೆಲ್ಲ ಮಸಿ ಹಾಕದೇ ಬಿಟ್ಟ ಜಾಗ. ಬೆರ್ಖೆಮ್ ತಾವೇ ಎಚಿಂಗ್ ಮಾಡಿದಾಗ ಗೆರೆ ಚಿಕ್ಕದು, ಅಲ್ಲಲ್ಲಿ ಮುರಿದಿರತ್ತೆ, ಹಗುರ ಇರತ್ತೆ. ಇನ್ನೊಬ್ಬರ ಚಿತ್ರ ಇಳಿಸೋ ಕಸುಬುದಾರರ ಗೆರೆ ಶಿಸ್ತಿಂದು, ಮೈ ಉಬ್ಬಿದ ಕಡೆ ಉಬ್ಬಿ, ಸಾಲು ತಪ್ಪದೆ ಹೋಗತ್ತೆ. ನಿಮ್ಮದು ಎರಡನೇ ಥರ, ಕೆಳಗಿನ ಹೆಸರಿಗೆ ಹೊಂದತ್ತೆ. ಹಂಗೇ ಜನರ ಕಣ್ಣು ಎಲ್ಲಿ ನೋಡ್ತಿದೆ ಅಂತಲೂ ನೋಡಿ, ಈ ಕುರುಬರ ಚಿತ್ರಗಳು ಕಂಡಷ್ಟು ಸಂಭಾವಿತ ಇರಲ್ಲ. ರೆಂಬ್ರಾಂಟ್ 1642ರಲ್ಲಿ ಮಾಡಿದ ಒಂದರಲ್ಲಿ ಕುರುಬ ಕೊಳಲು ಹಿಡಿದು ಬಿದ್ಕೊಂಡಿದಾನೆ, ಹೆಗಲ ಮೇಲೆ ಗೂಬೆ, ಕಣ್ಣು ಮಾತ್ರ ಹೂವಿನ ಹಾರ ಕಟ್ಟೋ ಹುಡುಗಿ ಲಂಗದ ಕಡೆ, ಮೊದಮೊದಲ ಹಾಳೆಗಳಲ್ಲಿ ಹಿಂದಿನ ಪೊದೇಲಿ ಇನ್ನೊಂದು ಮುಖನೂ ಇತ್ತು, ಆಮೇಲೆ ತಗಡಿಂದ ಉಜ್ಜಿ ತೆಗೆದಿದಾರೆ. ಹೀಗೆ ತಗಡು ಬದಲಾದಾಗಲೆಲ್ಲ ಅದಕ್ಕೆ ಒಂದೊಂದು ಸ್ಟೇಟ್ ಅಂತ ಲೆಕ್ಕ ಇಡ್ತಾರೆ.

ಕಾಗದ. ಕಿಟಕಿ ಬೆಳಕಿಗೆ ಹಿಡೀರಿ. ಒತ್ತೊತ್ತಾಗಿ ಸಣ್ಣ ಗೆರೆ, ಅದಕ್ಕೆ ಅಡ್ಡಲಾಗಿ ಸುಮಾರು ಎರಡೂವರೆ ಸೆಂಟಿಮೀಟರ್‌ಗೊಂದು ದೊಡ್ಡ ಗೆರೆ ಕಂಡ್ರೆ ಅದು ತಂತಿ ಜರಡಿ ಮೇಲೆ ಎತ್ತಿದ ಹಳೇ ಪದ್ಧತಿ ಕಾಗದ, ಹಳೇ ಲಿನನ್ ಬಟ್ಟೆ ಚಿಂದಿಯಿಂದ ಮಾಡಿದ್ದು. ಏನೂ ಗೆರೆ ಇಲ್ಲದೆ ಒಂದೇ ಸಮ ಮೋಡದ ಹಾಗಿದ್ರೆ ಅದು ವೋವ್ ಕಾಗದ, ಯುರೋಪಲ್ಲಿ 1757ರ ಸುಮಾರಿಗೆ ಬಳಕೆಗೆ ಬಂದಿದ್ದು, ಅಂದ್ರೆ ಬೆರ್ಖೆಮ್ ಕಾಲದ್ದಲ್ಲ. ಹೂವು, ವಿದೂಷಕನ ಟೋಪಿ, ಆಮ್‌ಸ್ಟರ್‌ಡ್ಯಾಮ್ ಊರಿನ ಲಾಂಛನ ಥರ ನೀರಚ್ಚು (ವಾಟರ್‌ಮಾರ್ಕ್) ಸಿಕ್ಕಿದ್ರೆ ಫೋಟೋ ತೆಗೆದಿಡಿ. ರಜೆ ಸಿಕ್ಕಾಗ ಆಮ್‌ಸ್ಟರ್‌ಡ್ಯಾಮ್ ಉತ್ತರಕ್ಕೆ ವೆಸ್ಟ್‌ಜಾನ್‌ಗೆ ಹೋಗಿ ಬನ್ನಿ, 1692ರ 'ಡಿ ಸ್ಕೂಲ್‌ಮೀಸ್ಟರ್' ಅನ್ನೋ ಗಾಳಿಯಂತ್ರ ಇದೆ, ಅಲ್ಲಿ ಮಾಡಿರೋ ಕಾಗದ ಕೈಯಲ್ಲಿ ಹಿಡಿದ್ರೆ ನಾನು ಹೇಳ್ತಿರೋದು ಒಂದೇ ನಿಮಿಷಕ್ಕೆ ಅರ್ಥ ಆಗತ್ತೆ.

ಚಿತ್ರದ ಸುತ್ತ ತಗಡಿನ ಅಂಚು ಒತ್ತಿದ ಗುರುತು ಇದ್ರೆ ಅಸಲಿ, ಇಲ್ದಿದ್ರೆ ನಕಲಿ ಅಂತ ಜನ ಹೇಳ್ತಾರೆ, ಎರಡೂ ತಪ್ಪು. ಹಿಂದಿನ ಕಲೆಕ್ಟರ್‌ಗಳು ಆಲ್ಬಂಗೆ ಅಂಟಿಸೋಕೆ ಅಂಚನ್ನ ಕತ್ತರಿಸಿಬಿಡ್ತಿದ್ರು, ಗುರುತು ಹೋಗಿರತ್ತೆ, ಚಿತ್ರ ಮಾತ್ರ ಹಳೇದೇ. ಇನ್ನೊಂದು ಕಡೆ 19ನೇ ಶತಮಾನದಲ್ಲಿ ಪ್ಯಾರಿಸ್‌ನ ಅಮಾಂ-ದ್ಯುರಾಂ ಅನ್ನೋರು ಫೋಟೋ ವಿಧಾನದಿಂದ ತಾಮ್ರದ ತಗಡನ್ನೇ ಮಾಡಿ ರೆಂಬ್ರಾಂಟ್, ಪಾಟರ್ ಎಚಿಂಗ್‌ಗಳನ್ನ ಎಷ್ಟು ಚೆನ್ನಾಗಿ ಮರುಅಚ್ಚು ಹಾಕಿದ್ರು ಅಂದ್ರೆ ಮಸಿ ಉಬ್ಬಿರತ್ತೆ, ಅಂಚಿನ ಗುರುತೂ ಇರತ್ತೆ. ಅವರು ಮೋಸಕ್ಕೆ ಮಾಡಿದ್ದಲ್ಲ, ಹಿಂಬದಿ ಮುದ್ರೆ ಒತ್ತಿರ್ತಾರೆ, ಮುದ್ರೆ ಕೆರೆದು ಮಾರೋದು ಆಮೇಲಿನವರ ಕೆಲಸ. ಹಂಗೇ ಕಾಗದ ಕಂದು ಆಗಿದ್ರೆ ಹಳೇದು ಅನ್ನೋದೂ ಸುಳ್ಳು, ಟೀ ಡಿಕಾಕ್ಷನ್‌ನಲ್ಲಿ ಒಂದು ರಾತ್ರಿ ಅದ್ದಿದ್ರೆ ಯಾವ ಕಾಗದಕ್ಕೂ ಮುನ್ನೂರು ವರ್ಷ ವಯಸ್ಸಾಗತ್ತೆ. ಒಳ್ಳೇ ಚಿಂದಿ ಕಾಗದ ಚೆನ್ನಾಗಿಟ್ರೆ ಇವತ್ತಿಗೂ ಬೆಳ್ಳಗೇ ಇರತ್ತೆ.

ಕೊನೇ ಪರೀಕ್ಷೆಗೆ ದುಡ್ಡು ಬೇಡ. ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂ ತನ್ನ ಪ್ರಿಂಟ್‌ಗಳ ದೊಡ್ಡ ದೊಡ್ಡ ಫೋಟೋಗಳನ್ನ ಫ್ರೀಯಾಗಿ ಇಟ್ಟಿದೆ, ವಿಸ್ಸರ್, ಬೆರ್ಖೆಮ್ ಎರಡು ಹೆಸರನ್ನೂ ಹಾಕಿ ಹುಡುಕಿ. ನಿಮ್ಮ ಚಿತ್ರ ಸಿಕ್ಕಿದ್ರೆ ಮೊದಲು ನೋಡಬೇಕಾದ್ದು ಎಡಬಲ. ಅಮ್ಮನ ಪಾಯಿಂಟ್ ಇಲ್ಲಿ ಬಂತು ನೋಡಿ: ಆ ಕಾಲದಲ್ಲೇ ಬೇರೆಯವರ ಪ್ರಿಂಟ್ ಕದ್ದು ಮಾಡೋರು ಆ ಪ್ರಿಂಟನ್ನ ಇಟ್ಕೊಂಡು ನೇರ ತಗಡಿಗೆ ಇಳಿಸ್ತಿದ್ರು, ಒತ್ತಿದಾಗ ಅದು ಮತ್ತೆ ತಿರುಗ್ತಿತ್ತು. ಮ್ಯೂಸಿಯಂ ಹಾಳೇಲಿ ಹಸು ಎಡಕ್ಕೆ ಮುಖ ಮಾಡಿ ನಿಮ್ಮದರಲ್ಲಿ ಬಲಕ್ಕೆ ಮಾಡಿದ್ರೆ ನಿಮ್ಮದು ನಕಲು, ಹಳೇ ನಕಲೇ ಇರಬಹುದು, ಆದ್ರೂ ನಕಲು. ಒಂದೇ ಕಡೆ ಇದ್ರೆ ಒಂದೊಂದೇ ಗೆರೆ ಹೋಲಿಸಿ, ಇಡೀ ಚಿತ್ರ ಬೇಡ, ಒಂದು ಗೊರ್ಸು, ಒಂದು ಕೊಂಬಿನ ಬುಡ, ಅಕ್ಷರದ ಒಂದು ಬಾಲ ಸಾಕು. ನಕಲು ಮಾಡೋನು ಮುಖಕ್ಕೆ ಜೀವ ಬಿಡ್ತಾನೆ, ಹುಲ್ಲಿಗೆ ಬಿಡಲ್ಲ, ಹಂಗಾಗಿ ಸಿಕ್ಕಿಬೀಳೋದು ಹುಲ್ಲಲ್ಲೇ. ಅಳತೇಲಿ ಒಂದೆರಡು ಮಿಲಿಮೀಟರ್ ವ್ಯತ್ಯಾಸ ಬಂದ್ರೆ ಚಿಂತೆ ಬೇಡ, ಒದ್ದೆ ಕಾಗದ ಒಣಗುವಾಗ ಕುಗ್ಗತ್ತೆ.

ನನ್ನ ಅಂದಾಜು ಕೇಳಿದ್ರೆ, ಫೋಟೋ ನೋಡಿ ಹೇಳೋದಷ್ಟೇ, ಇದು ನಿಜವಾದ ತಗಡಿಂದ ಬಂದ ಹಾಳೆ, ಬೆರ್ಖೆಮ್ ಕೈದಲ್ಲ, ಸವೆದ ಮೇಲೆ ತೆಗೆದಿದ್ದು. ಈ ಥರದವು ಆಗ ತುಂಬಾನೇ ಅಚ್ಚಾಗಿದಾವೆ, ಈಗಲೂ ಸಿಗ್ತವೆ, ಅದಕ್ಕೇ ರೇಟು ಏರಲ್ಲ. ಮನೆ ಸೈಟ್ ತಗೊಳ್ಳೋಷ್ಟು ಬರಲ್ಲ, ಆದ್ರೆ 45 ಯೂರೋ ದಂಡ ಆಗಿಲ್ಲ. ಅಜ್ಜ ಅರ್ಧ ನಿಜ ಹೇಳಿದಾನೆ, ಸಂತೇಲಿ ಅರ್ಧ ನಿಜ ಅಂದ್ರೆ ಒಳ್ಳೇ ಪರ್ಸೆಂಟೇಜು.

ಇನ್ನು ಚುಕ್ಕೆ. ಇದಕ್ಕೆ ನಾವು ಫಾಕ್ಸಿಂಗ್ ಅಂತೀವಿ. ಕಾಗದದೊಳಗೆ ಸೇರ್ಕೊಂಡ ಕಬ್ಬಿಣದ ಕಣ, ಶಿಲೀಂಧ್ರ, ಇವೆರಡರಲ್ಲಿ ಒಂದೋ ಎರಡೂನೋ ತೇವ ಸಿಕ್ಕಾಗ ಹೀಗೆ ಕಂದಾಗತ್ತೆ. ನೋಡೋಕೆ ಚೆನ್ನಾಗಿರಲ್ಲ, ಆದ್ರೆ ಒಣಗಿದ ಜಾಗದಲ್ಲಿಟ್ರೆ ಬಹುತೇಕ ಅಲ್ಲಿಗೇ ನಿಲ್ಲತ್ತೆ. ಅದಕ್ಕಿಂತ ನನಗೆ ಭಯ ಆಗಿದ್ದು ಚಿತ್ರದ ಸುತ್ತ ಇರೋ ಕಂದು ಚೌಕ, ಅದು ಫ್ರೇಮಿನೊಳಗಿನ ಅಗ್ಗದ ರಟ್ಟಿಂದ ಬಂದ ಆಮ್ಲ, ಆ ರಟ್ಟು ಅಲ್ಲಿರೋವರೆಗೂ ಸುಡ್ತಾನೇ ಇರತ್ತೆ. ಹಂಗಾಗಿ ಮೊದಲ ಕೆಲಸ ಆ ರಟ್ಟು ತೆಗೆದು ಆಮ್ಲ ಇಲ್ಲದ ಹತ್ತಿ ರಟ್ಟು ಹಾಕಿಸೋದು, ಚಿತ್ರವನ್ನ ಗೋಧಿ ಗಂಜಿ ಮತ್ತೆ ಜಪಾನಿ ಕಾಗದದ ಎರಡು ಪುಟ್ಟ ತುಂಡಲ್ಲಿ ಮೇಲಿಂದ ತೂಗುಹಾಕಿಸೋದು, ಗಾಜಿಗೆ ತಾಗದ ಹಾಗೆ ಮಧ್ಯೆ ಜಾಗ ಬಿಡಿಸೋದು. ಇದಿಷ್ಟಕ್ಕೆ ರಿಸ್ಕ್ ಬಾಳ ಕಮ್ಮಿ, ನನ್ನ ಓಟು ಇದಕ್ಕೇ.

ತೊಳೆಯೋದು? ಯೂಟ್ಯೂಬಿನವರು ಹೇಳೋದು ಪೂರ್ತಿ ಸುಳ್ಳಲ್ಲ, ಇದೇ ಅದರ ಅಪಾಯ. ಈ ಮಸಿ ಎಣ್ಣೆ ಮತ್ತೆ ಇಂಗಾಲದ್ದು, ನೀರಿಗೆ ಹೋಗಲ್ಲ, ನಾವೂ ಪ್ರಿಂಟ್‌ಗಳನ್ನ ತೊಳೀತೀವಿ. ಆದ್ರೆ ಕಾಗದದಲ್ಲಿ ಅದಕ್ಕೆ ಬಿಗಿ ಕೊಡೋ ಜಿಲೆಟಿನ್ ಅಂಟು ಇರತ್ತೆ, ಅದು ಹೋದ್ರೆ ಹಾಳೆ ಹಳೇ ಟವೆಲ್ ಥರ ಜೋಲತ್ತೆ, ಹಿಂದೆ ಹಳೇ ಕಲೆಕ್ಟರ್ ಮುದ್ರೆ ಇದ್ರೆ ಅದರ ಮಸಿ ಹರಡತ್ತೆ, ಆ ಮುದ್ರೆನೇ ಎಷ್ಟೋ ಸಲ ಚಿತ್ರದ ಜಾತಕ. ಒದ್ದೆ ಕಾಗದ ಎತ್ತುವಾಗ ಹರಿಯೋದು ಬೇರೆ. ಮನೆ ಬ್ಲೀಚ್ ಅಂತೂ ಬೇಡವೇ ಬೇಡ, ಚುಕ್ಕೆ ಮಾಯ ಆಗತ್ತೆ, ಖುಷಿನೂ ಆಗತ್ತೆ, ಕ್ಲೋರಿನ್ ಕಾಗದದ ನಾರಲ್ಲೇ ಉಳಿದು ಒಳಗಿಂದ ಪುಡಿ ಮಾಡ್ತಾ ಹೋಗತ್ತೆ. ಇಸ್ತ್ರಿನೂ ಬೇಡ. ಕಲಿಯೋ ಕಾಲದಲ್ಲಿ ನಾನು ಒಂದು ಹಾಳೆ ಸುಕ್ಕು ಬಿಡಿಸೋಕೆ ಒದ್ದೆ ಮಾಡಿ ಭಾರದ ಪ್ರೆಸ್ಸಲ್ಲಿ ರಾತ್ರಿಯಿಡೀ ಇಟ್ಟಿದ್ದೆ, ಬೆಳಿಗ್ಗೆ ನೋಡಿದ್ರೆ ಸುಕ್ಕಿನ ಜೊತೆ ತಗಡಿನ ಗುರುತೂ ಹೋಗಿತ್ತು, ಮಸಿ ಉಬ್ಬೂ ಹೋಗಿತ್ತು. ಹಾಳೆ ಸ್ವಚ್ಛ, ಚಪ್ಪಟೆ, ಪೋಸ್ಟರ್ ಥರ. ಆ ಹಾಳೆ ಇವತ್ತಿಗೂ ನನ್ನ ಡ್ರಾಯರ್‌ನಲ್ಲಿದೆ.

ಅಪ್ಪನಿಗೆ ಬೇಜಾರಾಗದ ಹಾಗೆ ಹೇಳಿ, ಲ್ಯಾಮಿನೇಶನ್ ರೇಷನ್ ಕಾರ್ಡಿಗೆ ಸರಿ. ಬಿಸಿಗೆ ಕರಗಿದ ಪ್ಲಾಸ್ಟಿಕ್ ಕಾಗದದ ನಾರಿನೊಳಗೆ ಇಳಿಯತ್ತೆ, ಆಮೇಲೆ ನನ್ನಂಥೋರ ಹತ್ರ ತಂದ್ರೂ ಕಾಗದ ಹಾಳಾಗದೆ ಬಿಡಿಸೋದು ಹೆಚ್ಚುಕಮ್ಮಿ ಆಗದ ಮಾತು.

ಊರಿಗೆ ತರೋದು ನಿಮ್ಮಿಷ್ಟ, ಆದ್ರೆ ಸಾಗರದ ಮಳೆಗಾಲ ನಿಮಗೆ ನಾನು ಹೇಳಬೇಕಾ, ಆಷಾಢದಲ್ಲಿ ಚಪ್ಪಲಿಗೇ ಬೂಷ್ಟು ಬರತ್ತೆ. ಫಾಕ್ಸಿಂಗ್‌ಗೆ ಅದು ಹಬ್ಬ, ಬೆಳ್ಳಿ ಹುಳಕ್ಕೂ ಹಬ್ಬ, ಅದಕ್ಕೆ ಜಿಲೆಟಿನ್ ಅಂದ್ರೆ ಪ್ರಾಣ. ತಂದ್ರೆ ಮಳೆ ಬಡಿಯೋ ಹೊರಗೋಡೆಗೆ ಹಾಕಬೇಡಿ, ಒಳಗಿನ ಗೋಡೆಗೆ, ಫ್ರೇಮಿನ ಹಿಂದೆ ನಾಲ್ಕು ಮೂಲೇಲಿ ಕಾರ್ಕ್ ತುಂಡು ಅಂಟಿಸಿ ಗಾಳಿ ಆಡೋ ಹಾಗೆ, ನೇರ ಬಿಸಿಲು ಬೀಳದ ಕಡೆ. ಅಡುಗೆಮನೆ, ಬಚ್ಚಲಿನ ಹಂಡೆ ಒಲೆ ಕಡೆ ಬೇಡ. ಇನ್ನೊಂದು, ನೂರು ವರ್ಷ ದಾಟಿದ ಕಲಾವಸ್ತುಗಳಿಗೆ ನಮ್ಮ ದೇಶದಲ್ಲಿ 1972ರ ಕಾಯ್ದೆ ಇದೆ, ಹೊರಗೆ ಕಳಿಸೋದು ಕಷ್ಟ, ಆಮೇಲೆ ವಾಪಸ್ ಐಂಡ್‌ಹೋವನ್‌ಗೆ ತಗೊಂಡ್ಹೋಗೋ ಯೋಚನೆ ಇದ್ರೆ ತರೋ ಮುಂಚೆನೇ ವಿಚಾರಿಸಿ, ಅಲ್ಲಿಂದ ತಂದಿದ್ದು ಅನ್ನೋದಕ್ಕೆ ಕಾಗದಪತ್ರ ಇಟ್ಕೊಳ್ಳಿ. ನಾನಾಗಿದ್ರೆ ಹಾಳೆಯನ್ನ ಅಲ್ಲೇ ಬಿಟ್ಟು, ಮ್ಯೂಸಿಯಂ ಫೈಲ್ ಡೌನ್‌ಲೋಡ್ ಮಾಡಿ ನಾಲ್ಕು ಪಟ್ಟು ದೊಡ್ಡದಾಗಿ ಒಳ್ಳೇ ಕಾಗದಕ್ಕೆ ಪ್ರಿಂಟ್ ಹಾಕಿಸಿ ಅಮ್ಮನಿಗೆ ತರ್ತಿದ್ದೆ, ಅವರಿಗೆ ಕನ್ನಡಕ ಇಲ್ದೇನೇ ಕೆಚ್ಚಲು ಕಾಣ್ತಿತ್ತು. ಅದನ್ನ ಬೇಕಾದ್ರೆ ಅಪ್ಪ ಲ್ಯಾಮಿನೇಶನ್ ಮಾಡಿಸ್ಲಿ.

ಫ್ರೇಮ್ ಬಿಚ್ಚಿದ ಮೇಲೆ ಹಿಂಬದಿದೊಂದು, ಕಿಟಕಿ ಬೆಳಕಿಗೆ ಹಿಡಿದದ್ದೊಂದು, ಅಕ್ಷರದ್ದೊಂದು, ದೂರದ ಗುಡ್ಡದ್ದೊಂದು ಫೋಟೋ ಕಳಿಸಿ. ಹಂಗೇ ಅಮ್ಮನ್ನ ಇನ್ನೊಂದು ಕೇಳಿ, ಬಲಗಡೆ ಮಲಗಿ ಮೆಲುಕು ಹಾಕ್ತಿರೋ ಹಸು ಗಬ್ಬದ್ದಾ ಅಂತ. ನಾನು ಅರ್ಧ ಗಂಟೆ ನೋಡಿದೆ, ನೆರಳಿನ ಗೆರೆನಾ ಹೊಟ್ಟೆನಾ ಅಂತ ಗೊತ್ತಾಗ್ಲಿಲ್ಲ.